ಕೆಂಪು ಪಟ್ಟಿ ಕೆರೆಸಿದ ಮರ

ಜೂನ್ ೧೪, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಕಡಲ ದಂಡೆಯಲ್ಲಿ ದೀವಿಹಲಸು ಸುಡುತ್ತಿದ್ದೆ. ಹೋಟೆಲಿಗೆ ಬಂದ ಹೆಂಗಸೊಬ್ಬಳು ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಮಗುವಿನ ತುಟಿಯೆಲ್ಲ ಬೊಬ್ಬೆ. ತಾಯಿಯ ಕೈಯಲ್ಲೊಂದು ರೆಂಬೆ.

"ಕಾಡುಸೇಬು ಅಂದ್ಕೊಂಡ್ವಿ. ಇದ್ಯಾವ ಮರ, ಹೇಳಿ."

ಹೊಳೆಯುವ ಎಲೆ, ನಡುವೆ ಹಳದಿ ನರ, ಪುಟ್ಟ ಹಸಿರು ಕಾಯಿ. ಮಂಚಿನೀಲ್.

"ಮೊದ್ಲು ಅದನ್ನ ಬಿಸಾಕಮ್ಮ, ಅದರ ಹಾಲೂ ವಿಷ" ಅಂದೆ.

ಮಗು ಆಸ್ಪತ್ರೆಯಲ್ಲಿದೆ. ಉಳಿಯುತ್ತದಂತೆ.

ಹೊಸಬರಿಗೂ ತಿಳಿಯಲಿ ಎಂದೇ ನಾವು ಆ ಮರಗಳಿಗೆ ಕೆಂಪು ಪಟ್ಟಿ ಬಳಿಯುವುದು. ಅದನ್ನು ಕೆರೆಸಿ ಹಾಕಿದವನು ಹೋಟೆಲಿನ ಮ್ಯಾನೇಜರು, ನನ್ನ ಒಡಹುಟ್ಟಿದ ತಮ್ಮ ಆಲ್ಸೀಡ್. "ಮಳೆ ಬಂದ್ರೂ ಅದರ ಕೆಳಗೆ ನಿಲ್ಬೇಡಿ, ತೊಟ್ಟಿಕ್ಕೋ ನೀರು ಮೈ ಸುಡುತ್ತೆ" ಎಂದು ಅಮ್ಮ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದಳು.

ಸಂಜೆ ಆ ಮರದ ಹತ್ತಿರವೇ ಅವನನ್ನು ಹಿಡಿದು ನಿಲ್ಲಿಸಿದೆ.

"ಪಟ್ಟಿ ಇದ್ರೆ ಫೋಟೋ ಕೆಡುತ್ತೆ ಅಂತಾರಕ್ಕ ಹೋಟೆಲಿಗೆ ಬಂದವ್ರು. ಒಂದು ಮರಕ್ಕೆ ಇಷ್ಟು ರಂಪ ಯಾಕೆ?"

ಅಷ್ಟರಲ್ಲಿ ಮಳೆ ಸುರಿಯತೊಡಗಿತು.

"ಬರೀ ಮರ ತಾನೆ? ಹೋಗು, ಅದರಡಿ ನಿಂತ್ಕೋ" ಅಂದೆ.

ಕೋಟು ಟೈ ಸಮೇತ ತೊಯ್ದು ತೊಪ್ಪೆಯಾದ. ಮರದ ಕಡೆ ಒಂದು ಹೆಜ್ಜೆ ಇಡಲಿಲ್ಲ.