ಅನಿಕಾ ಯಾರ ಪೈಕಿ?

ಲಿಂಕೋಪಿಂಗ್, ಸ್ವೀಡನ್
೨೦ ಆಗಸ್ಟ್ ೨೦೧೬

ಪ್ರೀತಿಯ ಮಗಳು ಮೆಲಿಸಾಳಿಗೆ,

ಈ ಜೂನಿನಲ್ಲಿ, ಮಿಡ್‌ಸಮ್ಮರ್ ಹಬ್ಬದ ದಿನ, ನಿನ್ನ ಅತ್ತೆಯ ಹಳ್ಳಿಯ ಪರಂಪರಾ ಸಂಘದ ಅಂಗಳದಲ್ಲಿ, ಊರವರೆಲ್ಲರ ಎದುರು ನನ್ನ ಮೊಮ್ಮಗಳು ಅನಿಕಾಳಿಗೆ ಅನ್ಯಾಯವಾಯಿತು. ನನಗೂ ಆಯಿತು. ಇಷ್ಟು ದಿನ ಸುಮ್ಮನಿದ್ದೆ. ಫೋನಿನಲ್ಲಿ ಶುರು ಮಾಡಿದರೆ ನೀನು "ಅಮ್ಮಾ, ಮೀಟಿಂಗಲ್ಲಿದ್ದೇನೆ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಾಗದು. ಈ ದೇಶಕ್ಕೆ ಬಂದ ಹೊಸತರಲ್ಲಿ, ಪ್ರತಿ ಭಾನುವಾರ ನೀನು ಮುಖ ಊದಿಸಿಕೊಂಡು ಕೂತರೂ ಬಿಡದೆ ಕನ್ನಡ ಬರೆಸಿದೆನಲ್ಲ, ಅದು ಇವತ್ತಿಗೆ ಉಪಯೋಗಕ್ಕೆ ಬಂತು.

ನಡೆದದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ನಿನ್ನ ಅತ್ತೆ ಬಿರ್ಗಿಟ್ಟಾ ಮೈಕು ಹಿಡಿದಳು. ಅನಿಕಾಳನ್ನು ಕರೆದು, ಅವಳ ತಲೆಗೆ ಬಣ್ಣಬಣ್ಣದ ಗರಿಗಳ ಕಿರೀಟ ತೊಡಿಸಿದಳು. ತನ್ನ ಅಜ್ಜಿ ಎಮ್ಮಾ ಅಮೆರಿಕದ ಮೂಲನಿವಾಸಿ ಚೆರೋಕೀ ಹೆಣ್ಣು, ಅಜ್ಜ ಅವಳನ್ನು ಓಕ್ಲಹೋಮಾದಿಂದ ಮದುವೆಯಾಗಿ ಕರೆತಂದ, ಈ ಮಗುವಿನ ಕಣ್ಣು, ಕೂದಲು, ಚಂದದ ಕಂದು ಬಣ್ಣ ಎಲ್ಲ ಆ ಎಮ್ಮಾಳದೇ ಎಂದಳು. ಹೆರಿಂಗ್ ಮೀನಿನ ತಟ್ಟೆ ಹಿಡಿದುಕೊಂಡು ನಾನು ಅಲ್ಲೇ, ಮೂರು ಮಾರು ದೂರದಲ್ಲಿ, ನನ್ನ ಕಂದು ಬಣ್ಣವನ್ನು ಹೊತ್ತು ನಿಂತಿದ್ದೆ! ಎಲ್ಲರೂ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ.

ಮನೆಗೆ ಬಂದು ನಿನ್ನ ಅಪ್ಪನ ಹತ್ತಿರ ಹಾರಾಡಿದೆ. "ಬಿಡು ಮಾರಾಯ್ತಿ, ಅವರಿಗೆ ಏನೋ ಒಂದು ಖುಷಿ. ನಿನ್ನ ಬಣ್ಣ ಏನು ಅವರು ಕಿತ್ತುಕೊಂಡು ಹೋದರಾ?" ಎಂದರು. ಕಿತ್ತುಕೊಂಡೇ ಹೋದರು ಎಂದು ಜುಲೈನಲ್ಲಿ ಗೊತ್ತಾಯಿತು. ರಜೆಗೆ ಬಂದಿದ್ದ ಅನಿಕಾ ಒಂದು ದಿನ ನನ್ನ ತೋಳಿನ ಪಕ್ಕ ತನ್ನ ತೋಳು ಇಟ್ಟು ನೋಡಿ, ಸ್ವೀಡಿಷ್‌ನಲ್ಲಿ ಕೇಳಿದಳು: "ಅಜ್ಜೀ, ನೀನೂ ಚೆರೋಕೀನಾ?"

ನಗು ಬರಬೇಕಿತ್ತು. ಬರಲಿಲ್ಲ.

ನೀನು ಯಾಕೆ ಚಪ್ಪಾಳೆ ತಟ್ಟಿದೆ ಎಂದು ನನಗೆ ಗೊತ್ತಿದೆ ಮಗಾ. ದಾಗಿಸ್‌ನಲ್ಲಿ, ಆ ಶಿಶುವಿಹಾರದಲ್ಲಿ, ಮಕ್ಕಳು ಅನಿಕಾಳ ಕೈಯನ್ನು ಸೋಪು ಹಾಕಿ ಉಜ್ಜಿ ನೋಡಿದ ದಿನ ನೀನು ಕಾರಿನಲ್ಲೇ ಕೂತು ಅತ್ತಿದ್ದೆ. ಚೆರೋಕೀ ಎಂದರೆ ಆ ಬಣ್ಣ ನಿನ್ನ ಗಂಡನ ಮನೆಯದೂ ಆಗುತ್ತದೆ, ಯಾರೂ ಉಜ್ಜಲು ಬರುವುದಿಲ್ಲ. ತಾಯಿಯಾಗಿ ನಿನಗೆ ಅದು ನೆಮ್ಮದಿ. ಆದರೆ ಆ ನೆಮ್ಮದಿಗೆ ತೆತ್ತದ್ದು ಯಾರನ್ನು? ರಾಹೇಲಜ್ಜಿಯನ್ನು.

ನೀನು ಅವರನ್ನು ನೋಡಿದ್ದೀ, ನೆನಪಿಲ್ಲ. ನನ್ನ ಅಜ್ಜಿ. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತು. ಸಂಜೆ ಕೆಲಸ ಬಿಟ್ಟು ಬಂದು ಜಗುಲಿಯಲ್ಲಿ ಕೂತರೆ ಅವರ ಸೆರಗಿನಿಂದ ಒದ್ದೆ ಆವೆಮಣ್ಣಿನ ವಾಸನೆ ಬರುತ್ತಿತ್ತು. ದಾರಿಯಲ್ಲಿ ಹೋಗುವ ಹೊಸಬರನ್ನೆಲ್ಲ ನಿಲ್ಲಿಸುವರು: "ನೀನು ಯಾರ ಪೈಕಿ ಮಗಾ?" ಅಪ್ಪನ ಹೆಸರು ಸಾಲದು. ಅಮ್ಮ ಎಲ್ಲಿಯವಳು, ದೊಡ್ಡಮ್ಮನನ್ನು ಎಲ್ಲಿಗೆ ಕೊಟ್ಟದ್ದು, ಸೋದರಮಾವ ಯಾವ ಚರ್ಚಿಗೆ ಹೋಗುವುದು, ಒಂದು ಎಳೆ ಸಿಗುವವರೆಗೆ ಬಿಡುತ್ತಿರಲಿಲ್ಲ. ಸಿಕ್ಕಿದ ಕೂಡಲೇ, "ಹಾಗಾದರೆ ನೀನು ನಮ್ಮವಳೇ ಅಲ್ಲವಾ, ಒಳಗೆ ಬಾ" ಎಂದು ಬೆಲ್ಲ ನೀರು ಕೊಡುವರು. ಆಗ ನನಗೆ ನಾಚಿಕೆ ಆಗುತ್ತಿತ್ತು. ಈಗ ಈ ಊರಿನ ಬಸ್ಸಿನಲ್ಲಿ ಯಾರೂ ಯಾರನ್ನೂ ಏನೂ ಕೇಳದೆ ಕೂತಿರುವಾಗ ಆ ಜಗುಲಿ ಬೇಕೆನಿಸುತ್ತದೆ.

ನಾನು ಬರೇ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಇಲ್ಲಿನ ವಂಶಾವಳಿ ಹುಡುಕುವವರ ಸಂಘದ ಮೂಲಕ, ಓಕ್ಲಹೋಮಾದಲ್ಲಿ ಇದೇ ಕೆಲಸ ಮಾಡುವ ಒಬ್ಬ ಚೆರೋಕೀ ಹೆಂಗಸಿನೊಂದಿಗೆ ಸ್ಕೈಪಿನಲ್ಲಿ ಮಾತಾಡಿದೆ. ವಂಶ ತಿಳಿಯಲು ಎಂಜಲಿನ ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದೆ. ಆಕೆ ನಕ್ಕರು. ಎಂಜಲಿನಿಂದ ಯಾರೂ ಚೆರೋಕೀ ಆಗುವುದಿಲ್ಲ ಮೇಡಂ, ಎಮ್ಮಾಳ ತಾಯಿ ಯಾರು, ಅಣ್ಣತಮ್ಮಂದಿರು ಯಾರು, ಯಾವ ಊರು ಹೇಳಿ ಎಂದರು. ಅಷ್ಟು ದೂರಕ್ಕೆ ಹೋದ ಹೆಣ್ಣುಮಗಳನ್ನು ನೆನೆದು ಅತ್ತ ಮನೆ ಒಂದಾದರೂ ಇಲ್ಲಿ ಇರಬೇಕಲ್ಲ ಎಂದರು. ರಾಹೇಲಜ್ಜಿಯ ಪ್ರಶ್ನೆ! ಅಂಥ ಮನೆ ಅಲ್ಲಿ ಸಿಗಲಿಲ್ಲ. ಸಿಗುವುದು ಹೇಗೆ? ಎಮ್ಮಾ ಹುಟ್ಟಿದ್ದು ಇದೇ ಸ್ವೀಡನ್ನಿನ ಸ್ಮೋಲಾಂಡಿನಲ್ಲಿ ಎಂದು ಇಲ್ಲಿನ ಚರ್ಚಿನ ದಾಖಲೆಯೇ ಹೇಳುತ್ತದೆ. ಅಮೆರಿಕಕ್ಕೆ ಹೋಗಿ ಬಂದವನು ಗಂಡ ಮಾತ್ರ. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಯಾರೂ ನೋಡಿರಲಿಲ್ಲ ಅಷ್ಟೆ.

ಇನ್ನೊಂದು ಮಾತು. ಆ ಗರಿಯ ಕಿರೀಟ ಚೆರೋಕೀಗಳದ್ದೇ ಅಲ್ಲ, ಅಮೆರಿಕದ ಬಯಲುಸೀಮೆಯ ಬೇರೆ ಪಂಗಡಗಳದ್ದು. ಚೆರೋಕೀ ಜನರನ್ನು ಸೈನಿಕರು ಮನೆಗಳಿಂದ ಎಬ್ಬಿಸಿ ಪಡುವಣಕ್ಕೆ ನಡೆಸಿಕೊಂಡು ಹೋದಾಗ ಸಾವಿರಾರು ಮಂದಿ ಸತ್ತರು. ಇತಿಹಾಸ ಪಾಠ ಮಾಡಿದವಳು ನಾನು. ಅಷ್ಟು ಕಳೆದುಕೊಂಡವರ ಹೆಸರನ್ನೂ ಎತ್ತಿಕೊಂಡು ಬಂದು ನಮ್ಮ ಹುಡುಗಿಯ ಬಣ್ಣಕ್ಕೆ ಸಬೂಬು ಮಾಡುವುದೇ?

ಸೆಪ್ಟೆಂಬರಿನ ಸುಗ್ಗಿ ಕೂಟದಲ್ಲಿ ಸಂಘದವರು ಊರಿನ ಮನೆತನಗಳ ಪುಸ್ತಕ ಬಿಡುಗಡೆ ಮಾಡುತ್ತಾರಂತೆ. ಅದರಲ್ಲಿ ಗರಿ ತೊಟ್ಟ ಅನಿಕಾಳ ಚಿತ್ರ ಇದೆ. ಅದು ಅಚ್ಚಾಗಬಾರದು. ನನಗೆ ಅಡುಗೆಮನೆಯಲ್ಲಿ ಕೇಳುವ ಕ್ಷಮೆ ಬೇಡ. ತಪ್ಪು ಮೈಕಿನಲ್ಲಿ ಆಗಿದೆ, ಉತ್ತರವೂ ಮೈಕಿನಲ್ಲೇ ಬರಬೇಕು. ನೀನೇ ಹೇಳಬೇಕು.

ನಿನ್ನ ಅಮ್ಮ,
ಐರಿನ್

ಹಿಂಬರಹ, ೨೩ ಆಗಸ್ಟ್: ಇದನ್ನು ಅಂಚೆಗೆ ಹಾಕುವ ಮೊದಲೇ, ನಿನ್ನೆ ಬಿರ್ಗಿಟ್ಟಾ ತಾನಾಗಿ ಬಂದಳು. ನಾನು ಹುಡುಕಿ ತಿಳಿದದ್ದನ್ನೆಲ್ಲ ಹೇಳಿಬಿಟ್ಟೆ. ಜಗಳಕ್ಕೆ ತಯಾರಾಗಿ ಕೂತಿದ್ದೆ. ಅವಳು ಕಾಫಿ ಮುಟ್ಟಲಿಲ್ಲ. ಎಮ್ಮಾ ಕುದುರೆ ಮಾರುತ್ತ ಊರೂರು ಅಲೆಯುವ, ಊರವರು ಹತ್ತಿರ ಸೇರಿಸದ ಪಂಗಡದವರ ಮಗಳು ಎಂದಳು. ಕಪ್ಪು ಕೂದಲಿನ ಬಿರ್ಗಿಟ್ಟಾಳ ಪಕ್ಕ ಶಾಲೆಯಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಅಪ್ಪನೇ ಹೇಳಿಕೊಟ್ಟನಂತೆ, ಕೇಳಿದರೆ ಚೆರೋಕೀ ಎನ್ನು, ಆಗ ಕೂರುತ್ತಾರೆ ಎಂದು. ಕೂತರಂತೆ. "ಅನಿಕಾಳ ಪಕ್ಕವೂ ಕೂರಲಿ ಅಂತ ಹಾಗೆ ಹೇಳಿದೆ ಐರಿನ್" ಎಂದಳು. ಬೆಲ್ಲ ಹುಡುಕಿದೆ, ಇರಲಿಲ್ಲ. ಸಕ್ಕರೆ ಹಾಕಿ ನೀರು ಕೊಟ್ಟೆ.

ಸುಗ್ಗಿ ಕೂಟದಲ್ಲಿ ಅವಳು ಎದ್ದು ನಿಂತು ಎಮ್ಮಾಳ ಜನ ಯಾರೆಂದು ಹೇಳುತ್ತಾಳೆ. ಪಕ್ಕದಲ್ಲಿ ನಾನು ಕೂರುತ್ತೇನೆ. ಅವಳು ಮಾತು ಮುಗಿಸಿ ಕೂತ ಮೇಲೆ ಮೈಕು ಖಾಲಿ ಇರುತ್ತದೆ ಮೆಲಿಸಾ. ಅನಿಕಾ ಮುಂದಿನ ಸಾಲಿನಲ್ಲಿ ಇರುತ್ತಾಳೆ. ಅವಳು ಯಾರ ಪೈಕಿ ಎಂದು ಊರವರ ಎದುರು ಹೇಳುತ್ತೀಯಾ, ಇಲ್ಲವಾ?