ಸೋನೌಲಿಯಲ್ಲಿ ಸಿಕ್ಕ ಗೋಲಿ

ಲುಂಬಿನಿ
24-5-2024

ಸಂಘಮಿತ್ರಾಳ ಅಪ್ಪನವರಿಗೆ ವಿಶಾಖಾಳ ಜೈಭೀಮ್.

ರಾಯಚೂರಲ್ಲೇ ವಿಹಾರ ಇರುವಾಗ ಈ ಬಿಸಿಲಲ್ಲಿ ನೇಪಾಳವೇಕೆ ಎಂದು ಮುನಿಸಿಕೊಂಡವರು ನೀವು. ಮನೆ ಬಿಟ್ಟಾಗಿನಿಂದ ನನ್ನ ಫೋನು ಎತ್ತಲಿಲ್ಲ. ಇಲ್ಲಿ ನಮ್ಮ ಸಿಮ್ಮೇ ನಡೆಯುವುದಿಲ್ಲ, ಅದಕ್ಕೆ ಈ ಕಾಗದ. ಗೋರಖಪುರಕ್ಕೆ ಬಂದೊಡನೆ ಅಂಚೆಗೆ ಹಾಕುತ್ತೇನೆ.

ಮೊದಲು ಚೀಲದ ವಿಷಯ. ಹೊರಡುವ ದಿನ ನನ್ನ ಚೀಲದ ಜಿಪ್ಪು ಕಿತ್ತುಹೋಯಿತು. ಮಾತು ಬಿಟ್ಟ ಗಂಡನನ್ನು ಕೇಳುವುದು ಹೇಗೆ? ಮೊಳೆಗೆ ತೂಗುಹಾಕಿದ್ದ ನಿಮ್ಮ ಖಾಕಿ ಚೀಲ ಕೊಡವಿ, ಸೀರೆ ತುಂಬಿಕೊಂಡು ದೇವದುರ್ಗದಲ್ಲಿ ರಾಯಚೂರು ಬಸ್ಸು ಹತ್ತಿದೆ. ಅಲ್ಲಿಂದ ಲುಂಬಿನಿ ಯಾತ್ರೆಯ ಬಸ್ಸು. ನೀವು ಅದನ್ನು ಬ್ಯಾಂಕಿನ ಕಾವಲಿಗೆ ಒಯ್ಯುತ್ತಿದ್ದುದು ನೆನಪಿತ್ತು. ಅದರೊಳಗೆ ಏನು ಒಯ್ಯುತ್ತಿದ್ದಿರಿ ಎಂಬುದು ಹೊಳೆಯಲಿಲ್ಲ.

ಸೋನೌಲಿ ಗಡಿಯಲ್ಲಿ ಚೀಲಗಳನ್ನು ಮಷೀನಿಗೆ ಹಾಕಿಸಿದರು. ನನ್ನದು ಬಂದಾಗ ಅಲ್ಲಿದ್ದ ಸಾಹೇಬರು ದನಿ ಬದಲಿಸಿ, ಗೋಲಿ ಇದೆಯೇ ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಹಿಂದಿಯೆಲ್ಲ ಮಾನ್ವಿಯ ತವರಿನಲ್ಲಿ, ಔಷಧಿ ಅಂಗಡಿಯ ಜಾಹೆದಾ ಕಲಿಸಿದ್ದು. ಅಲ್ಲಿ ಗೋಲಿ ಎಂದರೆ ಗುಳಿಗೆ. "ಹೌ ಸಾಬ್, ರೋಜ್ ದೋ" ಎಂದೆ, ದಿನಕ್ಕೆರಡು ಎಂದು. ಸಾಲದ್ದಕ್ಕೆ, ಬಸ್ಸಿನಲ್ಲಿ ಎಲ್ಲರ ಬಳಿಯೂ ಇವೆ, ಪಕ್ಕದ ಸೀಟಿನ ಕನಕಮ್ಮನ ಬಳಿ ಡಬ್ಬಿ ತುಂಬ ಇವೆ ಎಂದೂ ಸೇರಿಸಿದೆ.

ಇಡೀ ಬಸ್ಸನ್ನು ಇಳಿಸಿದರು. ಕವಿತಾಳದ ಕನಕಮ್ಮನ ಡಬ್ಬಿಯಿಂದ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಎದೆಯುರಿ ಎಲ್ಲವೂ ಮೇಜಿನ ಮೇಲೆ ಬಂದವು. ಸಿಪಾಯಿಗಳು ಮುಸಿಮುಸಿ ನಕ್ಕರು. ನಾನೂ ನಗುತ್ತಿರುವಾಗ ಸಾಹೇಬರು ನಿಮ್ಮ ಚೀಲದ ಹರಿದ ಅಸ್ತರಿನೊಳಗೆ ಬೆರಳು ತೂರಿಸಿ, ಬಂದೂಕಿನ ತೋಟಾ ತೆಗೆದು, ಗೋಲಿ ಎಂದರೆ ಇದು ಎಂದರು. ಕೆಂಪು ಕೊಳವೆ, ಹಿತ್ತಾಳೆ ತಳ.

ಬುದ್ಧ ಹುಟ್ಟಿದ ಊರಿಗೆ ತೋಟಾ ಒಯ್ದವಳು ಎಂದು ಜೈಲಿಗೆ ಹೋಗುವುದೇ? ನಮ್ಮ ಡ್ರೈವರ್ ಶಕೀಲ್ ಮುಂದೆ ಬಂದು, ಈಕೆಯ ಗಂಡ ಬ್ಯಾಂಕಿನ ಗನ್‌ಮ್ಯಾನ್, ಬಂದೂಕಿಗೆ ಲೈಸೆನ್ಸ್ ಇದೆ, ಚೀಲ ಅವರದು ಎಂದು ಬಿಡಿಸಿ ಹೇಳಿದ. ಲೈಸೆನ್ಸ್ ತೋರಿಸದಿದ್ದರೆ ಕೇಸು ಎಂದರು ಸಾಹೇಬರು. ನಾನು ಮತ್ತೆ ಮತ್ತೆ ಫೋನು ಹಚ್ಚಿದೆ. ನೀವು ಎತ್ತಲಿಲ್ಲ.

"ನೀವು ಹೋಗ್ರಿ, ಹುಣ್ಣಿಮಿ ತಪ್ಪತದ" ಎಂದೆ ಜೊತೆಯವರಿಗೆ. ಕನಕಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. "ನಿನ್ನ ಬಿಟ್ಟು ಹೋದ್ರ ಬುದ್ಧ ನಮಗ ಮಾರಿ ತೋರಸ್ತಾನೇನ್ ಬೇ?" ಎಂದಳು.

ಕೊನೆಗೆ ಸಾಹೇಬರು ತಮ್ಮ ಫೋನಿನಿಂದ ಹಚ್ಚಿದರು. ಮೊದಲ ಗಂಟೆಗೇ ಎತ್ತಿದಿರಿ. ನೀವೇನು ಹೇಳಿದಿರೋ, ಅವರ ಮುಖ ಮೆತ್ತಗಾಯಿತು. ಲೈಸೆನ್ಸಿನ ಫೋಟೋ ಬಂತು. ದೇವದುರ್ಗದ ಠಾಣೆಯಲ್ಲಿ ವಿಚಾರಿಸಿ, ತೋಟಾ ಇಟ್ಟುಕೊಂಡು, ಹೇಳಿಕೆ ಬರೆಸಿಕೊಂಡು ನನ್ನನ್ನು ಬಿಟ್ಟರು. ಠಾಣೆಯವರು ನಿಮ್ಮನ್ನು ಕರೆಸಿ ಬೈದಿರಬಹುದು. ಬೈಯಲಿ.

ನಿನ್ನೆ ಬುದ್ಧ ಹುಣ್ಣಿಮೆ. ಬೋಧಿ ಮರದ ಕೆಳಗೆ ಕಣ್ಣು ಮುಚ್ಚಿದರೆ ಬುದ್ಧನ ಬದಲು ನಿಮ್ಮ ಮುಖವೇ ಬಂತು. ಬಿಸಿಲು ತಲೆಗೆ ಹತ್ತಿರಬೇಕು.

ನಿಮ್ಮ
ವಿಶಾಖಾ

ತಾ.ಕ.: ಸಾಹೇಬರ ಫೋನು ಸ್ಪೀಕರಿನಲ್ಲಿತ್ತು. ನೀವು ಹಿಂದಿ ಮರೆತು, "ತಪ್ಪು ನಂದರೀ, ನನ್ನ ಒಳಗ ಹಾಕ್ರಿ, ಆಕಿನ್ನ ಲುಂಬಿನಿಗೆ ಕಳಸ್ರಿ. ಆಕಿ ಉಂಡಾಳೇನ್ರೀ?" ಎಂದು ಅತ್ತದ್ದನ್ನು ಇಡೀ ಬಸ್ಸು ಕೇಳಿತು, ಶಕೀಲ್ ಸಾಹೇಬರಿಗೆ ಹಿಂದಿಯಲ್ಲೂ ಹೇಳಿದ. ಊರಲ್ಲಿ ಯಾರಿಗೂ ಹೇಳಬಾರದೆಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದೇನೆ. ಕನಕಮ್ಮ ಮಾತ್ರ ಕೊಟ್ಟಿಲ್ಲ.