ಹದಿನೇಳನೇ ನಂಬರಿನ ಹೊಳಪು

ಅಕ್ಕಾ,

ಸಂಶೋಧನೆಗೆ ಇರಲಿ ಎಂದು ನೀನು ಸಹಿ ಹಾಕಿ ಕೊಟ್ಟುಹೋದ ಎದೆಯ ಗಡ್ಡೆ ಎರಡು ವರ್ಷದಿಂದ ನಮ್ಮ ಲ್ಯಾಬಿನಲ್ಲೇ ಇದೆ. ಹೆಸರಿಲ್ಲ, ಬರೀ ಹದಿನೇಳನೇ ನಂಬರು. ಅದು ನೀನೆಂದು ಗೊತ್ತಿರುವುದು ಪರೀಕ್ಷೆಗೆಂದು ಅದನ್ನು ತೆಳ್ಳಗೆ ಕತ್ತರಿಸುವ ನನಗೊಬ್ಬಳಿಗೇ. ಹೊಳೆಯುವ ನ್ಯಾನೋಕಣಗಳು ಕ್ಯಾನ್ಸರ್ ಕೋಶಗಳಿಗೆ ಸರಿಯಾಗಿ ಅಂಟುತ್ತಿವೆಯೇ ಎಂದು ದಿನಾ ಮೊದಲು ನಿನ್ನ ಚೂರಿನ ಮೇಲೆ ನೋಡಿ, ಆಮೇಲೆ ಬೇರೆಯವರದನ್ನು ಪರೀಕ್ಷಿಸುತ್ತೇವೆ. "ಎಷ್ಟು ಚೆನ್ನಾಗಿ ಹೊಳೀತಿದೆ!" ಎಂದು ಡಾಕ್ಟರು ಹೊಗಳಿದಾಗಲೆಲ್ಲ, ಅಮ್ಮ "ಅಕ್ಕನ್ನ ನೋಡಿ ಕಲಿ" ಎಂದಾಗ ಉರಿಯುತ್ತಿದ್ದ ಹಾಗೆಯೇ ನನ್ನ ಮೈ ಉರಿಯುತ್ತಿತ್ತು. ಸತ್ತ ಮೇಲೂ ಫಸ್ಟ್ ನೀನೇ!

ನಿನ್ನ ಗಡ್ಡೆ ಮುಗಿಯುತ್ತ ಬಂದಿದೆ. ಅದಕ್ಕೇ ಇವತ್ತು ಇನ್ಯಾರೋ ಹೆಂಗಸಿನ ಗಡ್ಡೆಯ ಚೂರನ್ನು ಪಕ್ಕದಲ್ಲಿಟ್ಟು ನೋಡಿದೆವು. "ಹಳೇದಕ್ಕಿಂತ ಇದೇ ಜೋರಾಗಿ ಹೊಳೀತಿದೆ. ನಾಳೆಯಿಂದ ಇದನ್ನೇ ಮೊದಲು ಇಡೋಣ" ಎಂದರು ಡಾಕ್ಟರು.

ನಿನ್ನನ್ನು ಯಾರಾದರೂ ಮೀರಿಸಲಿ ಎಂದು ಚಿಕ್ಕಂದಿನಿಂದ ಕಾದವಳು ನಾನು. ಆದರೂ "ಅದಕ್ಕೆ ಬೆಳಕು ಜಾಸ್ತಿ ಇಟ್ಟಿದ್ದೀರಿ ಸಾರ್, ಸರಿಯಾಗಿ ನೋಡಿ" ಎಂದು ಜಗಳಕ್ಕೇ ನಿಂತೆ. ಅವರು ಮೂರು ಸಲ ನೋಡಿದರು. ಮೂರು ಸಲವೂ ಅವಳೇ ಗೆದ್ದಳು.

ಅವಳು ಯಾರೋ ಏನೋ, ಅಕ್ಕಾ. ಅವಳ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ನನಗೆ ನಿನ್ನ ಮೇಲೂ ಬಂದಿರಲಿಲ್ಲ.